ದಾವಣಗೆರೆಯಲ್ಲಿ ಕುಳಿತು ರೋಲ್‌ಪ್ಲೇ ಸರ್ವರ್‌ಗೆ ಕಾಲಿಡುವವರಿಗೆ

ಮೊಬೈಲಿನಲ್ಲಿ ಗುಂಡು ಹಾರಿಸುವ ಆಟಗಳಿಂದ ಬಂದವರು ನೆವರ್‌ವಿಂಟರ್ ನೈಟ್ಸ್ ಎಂಬ ಕಂಪ್ಯೂಟರ್ ಆಟದ ರೋಲ್‌ಪ್ಲೇ ಸರ್ವರ್ ಒಂದನ್ನು, ಅಂದರೆ ಹಲವರು ಒಂದೊಂದು ಪಾತ್ರ ವಹಿಸಿ ಅಂತರ್ಜಾಲದಲ್ಲಿ ಕೂಡಿ ಆಡುವ ಲೋಕವೊಂದನ್ನು, ಹೊಕ್ಕ ತಕ್ಷಣ ಕೇಳುವುದು ಒಂದೇ ಪ್ರಶ್ನೆ: ಇಲ್ಲಿ ಗೆಲ್ಲುವುದು ಹೇಗೆ? ಗೆಲ್ಲುವುದಕ್ಕೆ ಏನೂ ಇಲ್ಲ. ಕೊನೆಯ ರಾಕ್ಷಸನಿಲ್ಲ, ಅಂಕಪಟ್ಟಿಯಿಲ್ಲ, ಆಟ ಮುಗಿಯುವುದೂ ಇಲ್ಲ. ಛತ್ರದ ಮೂಲೆಯಲ್ಲಿ ಕುಳಿತ ಅಪರಿಚಿತ ಯೋಧನೊಬ್ಬ ನಿಮ್ಮ ಪಾತ್ರದ ಮಾತಿಗೆ ತಲೆಯೆತ್ತಿ ಉತ್ತರ ಕೊಟ್ಟು, ಆ ಉತ್ತರದಿಂದ ಇಬ್ಬರಿಗೂ ಮುಂದೊಂದು ಕೆಲಸ ಹುಟ್ಟಿದರೆ ಅಂದಿನ ಆಟ ಸಾರ್ಥಕ. ಇದರ ರುಚಿ ಹತ್ತಿದವರಿಗೆ ಬೇರೆ ಆಟ ಸಪ್ಪೆ ಎನಿಸುತ್ತದೆ. ನನಗಂತೂ ಹಾಗೆಯೇ ಆಗಿದೆ.

ಕಾಗದ, ಪೆನ್ಸಿಲ್, ದಾಳಗಳಿಂದ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿತು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಬರೀ ಅಕ್ಷರಗಳಲ್ಲಿ ನಡೆಯುವ, ಹಲವರು ಒಟ್ಟಿಗೆ ಹೊಕ್ಕು ಆಡುವ ಮಡ್ ಎಂಬ ಲೋಕವನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ಈ ಎರಡೂ ಎಳೆಗಳನ್ನು ಕೂಡಿಸಿ ಕೆನಡಾದ ಬಯೋವೇರ್ ಕಂಪನಿ 2002ರಲ್ಲಿ ನೆವರ್‌ವಿಂಟರ್ ನೈಟ್ಸ್ ಹೊರತಂದಿತು. ಆಟದ ಜೊತೆಗೇ ಅರೋರಾ ಎಂಬ ಲೋಕ ಕಟ್ಟುವ ಸಲಕರಣೆಯನ್ನೂ, ಡಂಜನ್ ಮಾಸ್ಟರ್ ಆಗಿ ಒಳಬಂದು ಕಥೆ ನಡೆಸುವ ಸೌಲಭ್ಯವನ್ನೂ ಕೊಟ್ಟದ್ದು ಅದರ ಹೆಚ್ಚುಗಾರಿಕೆ. ಕಂಪನಿ ಆಟದೊಳಗೆ ಕೊಟ್ಟ ಕಥೆ ಎಂದೋ ಹಳೆಯದಾಯಿತು. ಆಟಗಾರರೇ ಕಟ್ಟಿಕೊಂಡ ಲೋಕಗಳು ಇಂದಿಗೂ ನಡೆಯುತ್ತಿವೆ. ಅವನ್ನು ನಡೆಸುವವರು ಸಂಬಳವಿಲ್ಲದೆ, ಕೆಲಸ ಮುಗಿಸಿ ಬಂದ ಮೇಲೆ ದುಡಿಯುವ ಜನ. ಅವರ ನಿಯಮಗಳು ಕಟ್ಟುನಿಟ್ಟಾಗಿ ಕಂಡರೆ ಇದನ್ನು ನೆನಪಿಸಿಕೊಳ್ಳಿ.

ಮೊದಲ ಹೆಜ್ಜೆ: ಯಂತ್ರ ಮತ್ತು ಹೊತ್ತು

ಯಂತ್ರದ ವಿಚಾರದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 2018ರಲ್ಲಿ ಬೀಮ್‌ಡಾಗ್ ಕಂಪನಿ ಹೊರತಂದ, ಈ ಆಟದ ಎನ್‌ಹ್ಯಾನ್ಸ್‌ಡ್ ಎಡಿಷನ್ ಕೊಳ್ಳಿ. ಕಾಲೇಜಿನ ಪ್ರಾಜೆಕ್ಟಿಗೆಂದು ತಂದ ಸಾಧಾರಣ ಲ್ಯಾಪ್‌ಟಾಪ್ ಸಾಕು. ಆಟಗಳನ್ನು ಮಾರುವ ಸ್ಟೀಮ್ ಜಾಲತಾಣದಲ್ಲಿ ವರ್ಷಕ್ಕೆ ಹಲವು ಸಲ ರಿಯಾಯಿತಿ ಬರುತ್ತದೆ, ಅಲ್ಲಿಯವರೆಗೆ ಕಾಯುವ ತಾಳ್ಮೆ ಇಲ್ಲದವರಿಗೆ ಈ ಆಟವೂ ಒಗ್ಗುವುದಿಲ್ಲ ಎಂಬುದು ನನ್ನ ಗುಮಾನಿ. ಮೊದಲ ಸಲ ಸರ್ವರ್‌ಗೆ ಸೇರುವಾಗ ಆ ಲೋಕದ ಬಟ್ಟೆ, ಕಟ್ಟಡ, ಪ್ರಾಣಿಗಳ ಕಡತಗಳು ತಾವಾಗಿಯೇ ಇಳಿಯುತ್ತವೆ. ಕೆಲವು ಸರ್ವರ್‌ಗಳಲ್ಲಿ ಇದು ಹಲವು ಗಿಗಾಬೈಟ್ ಆಗಬಹುದು, ಹಾಗಾಗಿ ದಿನದ ಡೇಟಾ ಮಿತಿಯಿರುವ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ. ಒಮ್ಮೆ ಇಳಿದ ಮೇಲೆ ಹಾಟ್‌ಸ್ಪಾಟ್ ಕೂಡ ನಡೆಯುತ್ತದೆ, ಏಕೆಂದರೆ ಆಮೇಲೆ ಓಡಾಡುವ ಡೇಟಾ ಬಹಳ ಕಡಿಮೆ. ಸರ್ವರ್ ಯುರೋಪಿನಲ್ಲೋ ಅಮೆರಿಕದಲ್ಲೋ ಇರುವುದರಿಂದ ಬಾಗಿಲು ತೆರೆಯುವುದು ಚಿಟಿಕೆಯಷ್ಟು ತಡವಾಗಬಹುದು. ಮಾತುಕತೆಯ ಆಟದಲ್ಲಿ ಅದು ಗಮನಕ್ಕೇ ಬರುವುದಿಲ್ಲ. ಬೇಸಿಗೆಯಲ್ಲಿ ಕರೆಂಟ್ ಕೈಕೊಡುವುದನ್ನು ಎಣಿಸಿ ಮೋಡೆಮ್‌ಗೊಂದು ಚಿಕ್ಕ ಯುಪಿಎಸ್ ಇಟ್ಟುಕೊಂಡರೆ ಒಳ್ಳೆಯದು. ರಹಸ್ಯ ಹೇಳುತ್ತಿದ್ದವನು ಅರ್ಧ ವಾಕ್ಯದಲ್ಲಿ ಗಾಳಿಯಲ್ಲಿ ಕರಗಿಹೋದರೆ ಎದುರಿಗಿದ್ದವರು ಏನೆಂದುಕೊಳ್ಳಬೇಕು?

ನಿಜವಾದ ತೊಡಕು ಗಡಿಯಾರದ್ದು. ರೋಲ್‌ಪ್ಲೇ ಸರ್ವರ್‌ನ ಜೀವ ಜನದಲ್ಲಿದೆ, ಜನ ಸೇರುವುದು ಅವರವರ ಊರಿನ ಸಂಜೆಯಲ್ಲಿ. ಮಧ್ಯ ಯುರೋಪಿನಲ್ಲಿ ರಾತ್ರಿ 8 ಗಂಟೆಯಾದಾಗ ನಮಗೆ ಅವರ ಬೇಸಿಗೆಯಲ್ಲಿ 11.30, ಚಳಿಗಾಲದಲ್ಲಿ 12.30. ನ್ಯೂಯಾರ್ಕಿನ ರಾತ್ರಿ 8 ಗಂಟೆ ಎಂದರೆ ನಮಗೆ ಮರುದಿನ ಬೆಳಗಿನ 5.30, ಚಳಿಗಾಲದಲ್ಲಿ 6.30. ವರ್ಷಕ್ಕೆ ಎರಡು ಸಲ ಅವರು ಗಡಿಯಾರ ತಿರುಗಿಸಿಕೊಳ್ಳುತ್ತಾರೆ, ನಾವು ತಿರುಗಿಸುವುದಿಲ್ಲ. ಹಾಗಾಗಿ ಮಾರ್ಚ್‌ನಲ್ಲೂ ಶರತ್ಕಾಲದಲ್ಲೂ ನೀವು ಗೊತ್ತುಮಾಡಿಕೊಂಡ ಭೇಟಿಗಳು ಒಂದು ಗಂಟೆ ಹಿಂದುಮುಂದಾಗುತ್ತವೆ.

ನನ್ನ ಸಲಹೆ ಬೆಳಗಿನ ಸರದಿ. ರಾತ್ರಿ ಹತ್ತಕ್ಕೆ ಮಲಗಿ, ಐದೂವರೆಗೆ ಎದ್ದು ಎರಡು ತಾಸು ಆಡಿ. ಮನೆಯವರು ಮಲಗಿರುತ್ತಾರೆ, ಮೊಬೈಲ್ ಬಡಿದುಕೊಳ್ಳುವುದಿಲ್ಲ, ಅಮೆರಿಕದವರು ಆಗ ತಾನೇ ಊಟ ಮುಗಿಸಿ ಹುರುಪಿನಿಂದ ಬಂದಿರುತ್ತಾರೆ. ಮುಗಿಸಿ ಹೊರಬರುವಷ್ಟರಲ್ಲಿ ಊರಿನ ಬೆಣ್ಣೆ ದೋಸೆ ಹೋಟೆಲುಗಳ ಹಂಚು ಕಾದಿರುತ್ತದೆ. ನಡುರಾತ್ರಿಯ ಯುರೋಪಿನ ಸರದಿಯೂ ಸೊಗಸಾದದ್ದೇ, ಆದರೆ ಅದು ಶನಿವಾರಕ್ಕೆ ಮಾತ್ರ ಇರಲಿ. ಮಾರನೆಯ ದಿನ ಅಂಗಡಿ ತೆರೆಯಬೇಕಾದವರು, ಪರೀಕ್ಷೆ ಬರೆಯಬೇಕಾದವರು ಅತ್ತ ಸುಳಿಯಬೇಡಿ.

ಎರಡನೆಯ ಹೆಜ್ಜೆ: ಸರ್ವರ್ ಆರಿಸುವುದು

ಆಟದೊಳಗೇ ಸರ್ವರ್‌ಗಳ ಪಟ್ಟಿ ಇದೆ. ನೀವು ಆಡಬಹುದಾದ ಹೊತ್ತಿನಲ್ಲೇ ಅದನ್ನು ತೆರೆದು ಯಾವುದರಲ್ಲಿ ಎಷ್ಟು ಜನರಿದ್ದಾರೆ ಎಂದು ನೋಡಿ. ಎಂಟು ಮಂದಿ ಒಂದೇ ಛತ್ರದಲ್ಲಿ ಕುಳಿತಿರುವ ಚಿಕ್ಕ ಸರ್ವರ್, ಎಂಬತ್ತು ಮಂದಿ ಕಾಡುಮೇಡು ಅಲೆಯುವ ದೊಡ್ಡ ಸರ್ವರ್‌ಗಿಂತ ಹೆಚ್ಚು ರಂಗಾಗಿರಬಹುದು. ಆದರೆ ಹೊಸಬರಿಗೆ ದೊಡ್ಡದೇ ಕ್ಷೇಮ. ಒಬ್ಬರು ಮುಖ ತಿರುಗಿಸಿದರೆ ಇನ್ನೊಬ್ಬರು ಸಿಗುತ್ತಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಫರ್ಗಾಟನ್ ರೆಲ್ಮ್ಸ್ ಎಂಬ ಕಲ್ಪಿತ ಲೋಕದಲ್ಲಿ ನೆಲೆಸಿರುವ ಅರೆಲಿತ್ ಬಹು ಹಳೆಯ, ಜನಜಂಗುಳಿಯ ಸರ್ವರ್. ವ್ಯಾಪಾರ, ವಸಾಹತು, ಒಳಸಂಚು ಎಲ್ಲವೂ ಅಲ್ಲಿದೆ. ಭಯಾನಕ ರಸ ಇಷ್ಟವಿದ್ದರೆ ಅದೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ರೇವನ್‌ಲಾಫ್ಟ್ ಲೋಕದ ಪ್ರಿಸನರ್ಸ್ ಆಫ್ ದ ಮಿಸ್ಟ್ ಎಂಬ ಸರ್ವರ್ ಇದೆ. ಆ ಲೋಕದ ಮಂಜು ಎಲ್ಲೆಲ್ಲಿಂದಲೋ ಜನರನ್ನು ಎತ್ತಿ ತರುತ್ತದೆ, ಹಾಗಾಗಿ ಎಲ್ಲಿಯವನೋ ಆದ ಪರದೇಶಿ ಪಾತ್ರಕ್ಕೆ ಅಲ್ಲಿ ಸಲೀಸಾಗಿ ಜಾಗವಿದೆ.

ಸೇರುವ ಮುನ್ನ ನಿಯಮಗಳನ್ನು ಪೂರ್ತಿ ಓದಿ. ಮೂರು ವಿಷಯಗಳನ್ನು ವಿಶೇಷವಾಗಿ ಹುಡುಕಿ: ಆಟಗಾರ ಆಟಗಾರನನ್ನು ಕೊಲ್ಲಬಹುದೇ, ಸತ್ತ ಪಾತ್ರಕ್ಕೆ ಏನಾಗುತ್ತದೆ, ಹೆಸರಿಗೆ ಏನು ಕಟ್ಟಳೆ. ಉಳಿದವು ಆಡುತ್ತಾ ತಿಳಿಯುತ್ತವೆ.

ಮೂರನೆಯ ಹೆಜ್ಜೆ: ಪಾತ್ರ

ಇಲ್ಲಿ ಸಾವಕಾಶವಾಗಿ ಕುಳಿತುಕೊಳ್ಳಿ. ಹತ್ತರಲ್ಲಿ ಒಂಬತ್ತು ಮಂದಿ ಎಡವುವುದು ಇಲ್ಲೇ. ಅವರ ಪಾತ್ರ ಅನಾಥ ರಾಜಕುಮಾರ, ಮೈಯಲ್ಲಿ ಡ್ರ್ಯಾಗನ್ ರಕ್ತ, ಯಾರ ಜೊತೆಗೂ ಮಾತನಾಡದ ಗಂಭೀರ. ಕತ್ತಲ ಮೂಲೆಯಲ್ಲಿ ಮುಸುಕು ಹಾಕಿ ಕುಳಿತಿರುತ್ತಾನೆ. ಅಂಥವರೇ ಆರು ಮಂದಿ ಅದೇ ಛತ್ರದ ಆರು ಮೂಲೆಗಳಲ್ಲಿ ಕುಳಿತಿದ್ದರೆ ಆಟವಾಡುವವರು ಯಾರು?

ಪಾತ್ರಕ್ಕೆ ಬೇಕಾದದ್ದು ಒಂದು ಕೊರತೆ, ಒಂದು ಆಸೆ, ಹೊರಗೆ ಕಾಣುವ ಒಂದು ಅಭ್ಯಾಸ. ಈ ಮೂರಕ್ಕೂ ನಮ್ಮ ಸೀಮೆಯಲ್ಲಿ ಸರಕಿಗೆ ಬರವಿಲ್ಲ. ಒಂದು ಭಾನುವಾರ ಚಿತ್ರದುರ್ಗಕ್ಕೆ ಹೋಗಿ ಕೋಟೆಯನ್ನು ಪಾತ್ರ ಹುಡುಕುವವನ ಕಣ್ಣಿನಿಂದ ನೋಡಿ. ಓಬವ್ವನ ಕಿಂಡಿಯ ಮುಂದೆ ಎಲ್ಲರೂ ನಿಲ್ಲುತ್ತಾರೆ, ನಿಲ್ಲಬೇಕಾದದ್ದೇ. ಆದರೆ ಓಬವ್ವನನ್ನೇ ಎತ್ತಿಕೊಂಡು ಹೋಗಿ ಸರ್ವರ್‌ನಲ್ಲಿ ಬಿಡಬೇಡಿ. ಎಲ್ಲರಿಗೂ ಗೊತ್ತಿರುವ ಕಥೆಯಲ್ಲಿ ನಿಮಗೆ ಆಡಲು ಏನೂ ಉಳಿದಿರುವುದಿಲ್ಲ. ಸ್ವಲ್ಪ ಆಚೆ ನೋಡಿ. ಗೋಪಾಲಸ್ವಾಮಿ ಹೊಂಡದ ನೀರು ತುಂಬಿ ಅಕ್ಕ-ತಂಗಿ ಹೊಂಡಕ್ಕೂ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೂ ಹರಿಯುವಂತೆ ಮಾಡಿದ್ದಾರಲ್ಲ, ಆ ತೂಬುಗಳನ್ನು ಕಾಯುತ್ತಿದ್ದವನು ಯಾರಿರಬಹುದು? ಬಂಡೆಯಲ್ಲಿ ಕೊರೆದ ಎಣ್ಣೆಯ ಕೊಳದ ಲೆಕ್ಕ ಬರೆಯುತ್ತಿದ್ದವನು ಯಾರು? ಇತಿಹಾಸ ಹೆಸರಿಸದ ಇಂಥ ಜನರೇ ನಿಮ್ಮ ಬಂಡವಾಳ.

ಎಣ್ಣೆಯವನನ್ನೇ ತೆಗೆದುಕೊಳ್ಳೋಣ. ಅವನು ದೂರದ ಬೆಟ್ಟದ ಕೋಟೆಯೊಂದರ ಎಣ್ಣೆ ಉಗ್ರಾಣದ ಕಾವಲುಗಾರ. ಮುತ್ತಿಗೆಯ ರಾತ್ರಿ ಬುರುಜಿನ ದೀಪಗಳು ಆರಿದವು, ಶತ್ರು ಒಳನುಗ್ಗಿದ. ಉಗ್ರಾಣದಲ್ಲಿ ಎಣ್ಣೆ ಇತ್ತೋ ಇಲ್ಲವೋ ಎಂಬುದನ್ನು ಬಲ್ಲವನು ಅವನೊಬ್ಬನೇ. ಕೊರತೆ: ಊರಿಲ್ಲ, ಹೆಸರು ಕೆಟ್ಟಿದೆ. ಆಸೆ: ತನ್ನ ಬೀಗದ ಕೈಯನ್ನು ಕದ್ದವನು ಯಾರೆಂದು ತಿಳಿಯುವುದು. ಅಭ್ಯಾಸ: ಯಾವ ಮನೆ ಹೊಕ್ಕರೂ ಮೊದಲು ದೀಪದ ಕಡೆ ನೋಡುತ್ತಾನೆ, ಎಣ್ಣೆ ಕಡಿಮೆಯಿದ್ದರೆ ಕೇಳದೆಯೇ ಹುಯ್ಯುತ್ತಾನೆ. ಹಿನ್ನೆಲೆ ಇಷ್ಟೇ ಸಾಕು. ಹತ್ತು ಪುಟದ ಜೀವನಚರಿತ್ರೆ ಬರೆದಿಟ್ಟರೆ ಅದನ್ನು ಓದುವವರು ನೀವೊಬ್ಬರೇ. ದೀಪಕ್ಕೆ ಎಣ್ಣೆ ಹುಯ್ಯುವವನನ್ನು ಕಂಡು ಯಾರಾದರೊಬ್ಬರು ಏಕೆಂದು ಕೇಳಿಯೇ ಕೇಳುತ್ತಾರೆ.

ಅಂಕಿಗಳ ಲೆಕ್ಕವೂ ಈ ಮನುಷ್ಯನಿಗೆ ತಕ್ಕಂತಿರಲಿ. ಶಕ್ತಿ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳಿಗೆ ಹಂಚಲು ನಿಮಗೆ 30 ಅಂಕಗಳಿವೆ. ಎಲ್ಲವೂ 8ರಿಂದ ಶುರು. 14ರವರೆಗೆ ಮೆಟ್ಟಿಲಿಗೆ ಒಂದೊಂದು ಅಂಕ, 15 ಮತ್ತು 16ಕ್ಕೆ ಎರಡೆರಡು, 17 ಮತ್ತು 18ಕ್ಕೆ ಮೂರು ಮೂರು. ಅಂದರೆ ಒಂದು ಗುಣವನ್ನು 18ಕ್ಕೆ ಏರಿಸಿದರೆ ಅದೊಂದೇ 16 ಅಂಕಗಳನ್ನು ನುಂಗುತ್ತದೆ. ಉಳಿಯುವುದು ಹದಿನಾಲ್ಕು. ಹೀಗೆ ಮಾಡಿ ವರ್ಚಸ್ಸನ್ನು 8ರಲ್ಲೇ ಬಿಟ್ಟವರು, ಮಾತಿಗೆ ನಿಂತಾಗ ಮಾತ್ರ ಮಹಾ ವಾಗ್ಮಿಗಳಂತೆ ಆಡುವುದುಂಟು. ಬಲ್ಲವರು ನಗುತ್ತಾರೆ. 8 ಎಂದರೆ ಆ ಗುಣಕ್ಕಾಗಿ ಇಪ್ಪತ್ತು ಮುಖದ ದಾಳ ಉರುಳಿದಾಗಲೆಲ್ಲ ಒಂದು ಅಂಕ ಕಡಿತ. ಅದನ್ನು ಆಡಿ ತೋರಿಸಿ. ನಮ್ಮ ಎಣ್ಣೆಯವನು ಮಾತಿನ ನಡುವೆ ತಡವರಿಸಲಿ, ಎದುರಿಗಿದ್ದವರು ಅವನ ಹೆಸರನ್ನು ಪದೇ ಪದೇ ಮರೆಯಲಿ.

ಹೆಸರು ಚಿಕ್ಕದಿರಲಿ. ವೀರಭದ್ರಪ್ಪ ಎಂದಿಟ್ಟರೆ ಸಂಜೆಯೊಳಗೆ ಎಲ್ಲರೂ ವೀರ್ ಎನ್ನುತ್ತಾರೆ, ಇದ್ದ ಗತ್ತೂ ಹೋಗುತ್ತದೆ. ಮುದ್ದ, ಕೆಂಚ, ಹೊನ್ನಿಯಂಥ ಎರಡಕ್ಷರದ ಹೆಸರುಗಳು ಕಲ್ಪನೆಯ ಲೋಕಕ್ಕೂ ಹೊಂದುತ್ತವೆ, ಟೈಪ್ ಮಾಡಲೂ ಸುಲಭ. ನಾವು ಪೂಜಿಸುವ ದೇವರುಗಳ ಹೆಸರಾಗಲಿ, ಸಿನಿಮಾ ನಟರ ಹೆಸರಾಗಲಿ ಬೇಡ. ಬಹುತೇಕ ಸರ್ವರ್‌ಗಳು ಒಪ್ಪುವುದೂ ಇಲ್ಲ.

ನಾಲ್ಕನೆಯ ಹೆಜ್ಜೆ: ಮೊದಲ ಮಾತು

ಮಾತುಕತೆ ಇಂಗ್ಲಿಷಿನಲ್ಲಿ ನಡೆಯುತ್ತದೆ, ಆ ಚೌಕದಲ್ಲಿ ಕನ್ನಡದ ಅಕ್ಷರ ಮೂಡುವುದಿಲ್ಲ. ಇದಕ್ಕೆ ಅಂಜುವ ಕಾರಣವಿಲ್ಲ. ಎದುರಿಗಿರುವವರಲ್ಲಿ ಜರ್ಮನರು, ಪೋಲೆಂಡಿನವರು, ಬ್ರೆಜಿಲಿನವರು ಇರುತ್ತಾರೆ, ಅವರ ಇಂಗ್ಲಿಷೂ ಕಲಿತದ್ದೇ. ಚಿಕ್ಕ ವಾಕ್ಯ ಬರೆಯಿರಿ. ಪರದೇಶಿ ಪಾತ್ರವಾದರೆ ಮುರುಕು ಮಾತು ಅವನ ಲಕ್ಷಣವಾಗಿಬಿಡುತ್ತದೆ. ದಾವಣಗೆರೆಯ ಎಷ್ಟೋ ಹುಡುಗರು ಸಂದರ್ಶನದಲ್ಲಿ ಬಾಯಿ ಬಿಡಲು ಹೆದರುವ ಭಾಷೆಯಲ್ಲಿ ಇಲ್ಲಿ ಕುಬ್ಜರೊಡನೆ ಕತ್ತಿಯ ಬೆಲೆಗೆ ಚೌಕಾಸಿ ಮಾಡುವುದನ್ನು ಕಂಡಿದ್ದೇನೆ.

ಆಡುವ ಮಾತನ್ನು ಹಾಗೆಯೇ ಬರೆಯುತ್ತಾರೆ, ಮಾಡುವ ಕ್ರಿಯೆಯನ್ನು ಎರಡು ನಕ್ಷತ್ರ ಚಿಹ್ನೆಗಳ ನಡುವೆ ಇಡುತ್ತಾರೆ. ಇದಕ್ಕೆ ಎಮೋಟ್ ಎಂದು ಹೆಸರು. ಸಾಮಾನ್ಯ ಮಾತು ಸುಮಾರು ಇಪ್ಪತ್ತು ಮೀಟರ್ ದೂರಕ್ಕೆ ಕೇಳಿಸುತ್ತದೆ, ಪಿಸುಮಾತು ಮೂರು ಮೀಟರಿಗೆ. ಈ ಅಳತೆ ಮೈಗೂಡಬೇಕು. ಗುಟ್ಟು ಹೇಳಬೇಕಾದರೆ ಪಾತ್ರವನ್ನು ಎಬ್ಬಿಸಿ ಹತ್ತಿರ ನಡೆಸಿಕೊಂಡು ಹೋಗಬೇಕು, ಆ ನಡಿಗೆಯನ್ನು ಉಳಿದವರು ನೋಡುತ್ತಾರೆ, ಅನುಮಾನ ಅಲ್ಲೇ ಮೊಳೆಯುತ್ತದೆ.

ನಮ್ಮ ಎಣ್ಣೆಯವನಿಗೆ ಮುದ್ದ ಎಂದು ಹೆಸರಿಟ್ಟೆವು, ಅವನು ಛತ್ರ ಹೊಕ್ಕ ಎನ್ನಿ. ಕನ್ನಡದಲ್ಲೇ ಬರೆದು ತೋರಿಸುತ್ತೇನೆ.

*ಒದ್ದೆ ಕಂಬಳಿಯನ್ನು ಬಾಗಿಲಲ್ಲೇ ಹಿಂಡಿ, ಒಳಬಂದು ತೂಗುದೀಪವನ್ನು ದಿಟ್ಟಿಸುತ್ತಾನೆ* ಈ ಬತ್ತಿ ಬೆಳಗಿನವರೆಗೆ ಬಾರದು.

ಪಕ್ಕದ ಮೇಜಿನ ಹೆಂಗಸು: *ಬಟ್ಟಲಿನಿಂದ ತಲೆ ಎತ್ತದೆ* ಬೆಳಗಿನವರೆಗೆ ಇಲ್ಲಿ ಇರುವವರು ಯಾರು?

*ಸೊಂಟದ ಬುರುಡೆಯನ್ನು ಬಿಚ್ಚುತ್ತಾ* ನಾನಿರುತ್ತೇನೆ. ಕತ್ತಲಲ್ಲಿ ಮಲಗಿ ಅಭ್ಯಾಸವಿಲ್ಲ.

ಇಷ್ಟರಲ್ಲಿ ಅವಳಿಗೆ ಮೂರು ದಾರಿಗಳು ತೆರೆದುಕೊಂಡಿವೆ. ಕತ್ತಲ ಭಯವನ್ನು ಗೇಲಿ ಮಾಡಬಹುದು, ಎಣ್ಣೆ ಎಲ್ಲಿಯದೆಂದು ಕೇಳಬಹುದು, ರಾತ್ರಿಯಿಡೀ ಎಚ್ಚರವಿರುವವನು ಸಿಕ್ಕನಲ್ಲ ಎಂದು ಕಾವಲಿನ ಕೆಲಸ ಕೊಡಬಹುದು. ಮುದ್ದ ತನ್ನ ಕಥೆ ಹೇಳಿಕೊಂಡಿಲ್ಲ, ಕೇಳಲು ಜಾಗ ಬಿಟ್ಟಿದ್ದಾನೆ. ಚಿಂದೋಡಿ ಲೀಲಾ ಅವರ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಂಪನಿ ನಾಟಕದಲ್ಲಿ ಎದುರು ಪಾತ್ರಧಾರಿಗೆ ಮಾತು ಎತ್ತಿಕೊಡುವವನಿಂದಲೇ ದೃಶ್ಯ ಏಳುತ್ತದೆ. ಇಲ್ಲಿ ಪ್ರೇಕ್ಷಕರೂ ನೀವೇ, ಎದುರು ಪಾತ್ರವೂ ನೀವೇ.

ಮಾಡಬಾರದ್ದು ಎರಡು. ಪೆಟ್ಟು ಅವನ ಹಲ್ಲು ಉದುರಿಸುತ್ತದೆ ಎಂದು ನೀವೇ ಬರೆಯುವಂತಿಲ್ಲ. ಮುಷ್ಟಿ ಬೀಸುತ್ತಾನೆ ಎನ್ನುವಲ್ಲಿಗೆ ನಿಲ್ಲಿಸಿ, ಹಲ್ಲು ಅವನದು, ಉದುರಿಸಿಕೊಳ್ಳುವುದೂ ಬಿಡುವುದೂ ಅವನ ತೀರ್ಮಾನ. ಇನ್ನೊಂದು, ನಿಮಗೆ ಗೊತ್ತಿರುವುದು ನಿಮ್ಮ ಪಾತ್ರಕ್ಕೆ ಗೊತ್ತಿಲ್ಲ. ಪರದೆಯ ಮೇಲೆ ಎಲ್ಲರ ತಲೆಯ ಮೇಲೂ ಹೆಸರು ತೇಲುತ್ತಿರುತ್ತದೆ. ಪರಿಚಯವಾಗದೆ ಆ ಹೆಸರು ಹಿಡಿದು ಕರೆದರೆ ಹೊಸಬರೆಂದು ಎಲ್ಲರಿಗೂ ತಿಳಿಯುತ್ತದೆ. ವಿದ್ಯಾನಗರದಲ್ಲೊಬ್ಬ, ನಿಟುವಳ್ಳಿಯಲ್ಲೊಬ್ಬ ಕುಳಿತು ಒಟ್ಟಿಗೆ ಆಡುವ ಗೆಳೆಯರಿಗೆ ಇದು ಇನ್ನೂ ಕಷ್ಟ. ಅವನ ಪಾತ್ರವನ್ನು ಕಳ್ಳರು ಹಿಡಿದಿದ್ದಾರೆಂದು ಫೋನಿನಲ್ಲಿ ಕೇಳಿ ನಿಮ್ಮ ಪಾತ್ರ ಕತ್ತಿ ಹಿಡಿದು ಓಡಿಬಂದರೆ ಕಳ್ಳರ ಪಾತ್ರ ವಹಿಸಿದವರ ಸಂಜೆ ಕೆಡುತ್ತದೆ. ಆಡುವಷ್ಟು ಹೊತ್ತು ಫೋನ್ ಬೇರೆ ಕೋಣೆಯಲ್ಲಿರಲಿ. ಗೆಳೆಯರಿಬ್ಬರೂ ಬೇರೆ ಬೇರೆ ಊರಿನ ಪಾತ್ರಗಳನ್ನು ಮಾಡಿಕೊಂಡು ಮೊದಲ ವಾರ ಪರಸ್ಪರ ಹುಡುಕದಿದ್ದರೆ ಇನ್ನೂ ಉತ್ತಮ. ಇಲ್ಲವಾದರೆ ಮೂಲೆಯಲ್ಲಿ ನೀವಿಬ್ಬರೇ ಹರಟುತ್ತೀರಿ, ಅದಕ್ಕೆ ಸರ್ವರ್ ಯಾಕೆ, ಮಂಡಕ್ಕಿ ಮಿರ್ಚಿ ಅಂಗಡಿ ಸಾಕು.

ಐದನೆಯ ಹೆಜ್ಜೆ: ಸೋಲುವುದು

ಮುದ್ದನನ್ನು ಯಾರೋ ದೋಚುತ್ತಾರೆ. ಸುಳ್ಳು ಆರೋಪದ ಮೇಲೆ ಊರಿನ ಕಾವಲಿನವರು ಹಿಡಿದು ಕೂಡಿಹಾಕುತ್ತಾರೆ. ಈ ಗಳಿಗೆಯಲ್ಲಿ ಲಾಗೌಟ್ ಗುಂಡಿಯ ಕಡೆ ಕೈ ಹೋಗುವುದು ಸಹಜ. ಹೋಗಗೊಡಬೇಡಿ. ಸೆರೆಮನೆಯಷ್ಟು ಒಳ್ಳೆಯ ಜಾಗ ಸರ್ವರ್‌ನಲ್ಲಿ ಇನ್ನೊಂದಿಲ್ಲ. ಹಿಡಿದವರು ಮಾತನಾಡಿಸಲೇಬೇಕು, ಕಾವಲಿಗೊಬ್ಬ ಕೂರಲೇಬೇಕು, ಬಿಡಿಸಿಕೊಳ್ಳಲು ಯಾರಾದರೂ ಬರಲೇಬೇಕು. ಗೆದ್ದವನ ಬಳಿ ಇರುವುದು ಬರೀ ಚಿನ್ನ, ಸೋತವನ ಬಳಿ ಮುಂದಿನ ವಾರದ ಕಥೆಯಿದೆ.

ಕಾದಾಟಕ್ಕೆ ಮುನ್ನ ಮಾತು ನಡೆಯಬೇಕು, ಎದುರಾಳಿಗೆ ತಪ್ಪಿಸಿಕೊಳ್ಳಲು ಒಂದು ದಾರಿ ಇರಬೇಕು. ಸೋಲಿಸಿದವನ ಮೈಮೇಲಿನ ಎಲ್ಲವನ್ನೂ ಬಾಚಿಕೊಳ್ಳುವುದು ಅಲ್ಪರ ಕೆಲಸ, ಒಂದು ವಸ್ತು ತೆಗೆದುಕೊಂಡರೆ ಸಾಕು. ಅದೂ ಅವನು ಹುಡುಕಿಕೊಂಡು ಬರುವಂಥದ್ದಾದರೆ ಇಬ್ಬರಿಗೂ ಲಾಭ. ಆಟದ ಹೊರಗೆ, ಖಾಸಗಿ ಸಂದೇಶದಲ್ಲಿ, ಚೆನ್ನಾಗಿ ಆಡಿದಿರಿ ಎಂದು ಒಂದು ಸಾಲು ಬರೆಯಿರಿ. ನಿಮ್ಮ ಪಾತ್ರಗಳು ಕಡುವೈರಿಗಳಾಗಿರಬಹುದು, ನೀವು ವೈರಿಗಳಲ್ಲ. ನಿಜವಾಗಿಯೂ ಅನ್ಯಾಯವಾಗಿದೆ ಎನಿಸಿದರೆ ಮಾತುಕತೆಯ ದಾಖಲೆಯೊಂದಿಗೆ ಡಂಜನ್ ಮಾಸ್ಟರ್‌ಗೆ ತಿಳಿಸಿ ಸುಮ್ಮನಾಗಿ. ಬೀದಿಯಲ್ಲಿ ನಿಂತು ಪಾತ್ರದ ಬಾಯಲ್ಲಿ ನಿಯಮ ಪಾಠ ಮಾಡಬೇಡಿ.

ಡಂಜನ್ ಮಾಸ್ಟರ್‌ಗಳ ಬಗ್ಗೆ ಒಂದು ಮಾತು. ನನ್ನ ಕಥೆ ಮುಂದೆ ಸಾಗಿಸಿ ಎಂದು ಅವರ ಬೆನ್ನು ಬೀಳುವವರಿಗೆ ಏನೂ ಸಿಗುವುದಿಲ್ಲ. ಅವರು ಕಣ್ಣಿಗೆ ಕಾಣದಂತೆ ತಿರುಗುತ್ತಿರುತ್ತಾರೆ, ಹತ್ತು ಮಂದಿಯನ್ನು ಒಟ್ಟಿಗೆ ಎಳೆದುಕೊಳ್ಳಬಲ್ಲ ಎಳೆ ಎಲ್ಲಿದೆಯೆಂದು ನೋಡುತ್ತಿರುತ್ತಾರೆ. ಮುದ್ದ ಬರೀ ತನ್ನ ಬೀಗದ ಕೈ ಹುಡುಕುತ್ತಿದ್ದರೆ ಅದು ಒಬ್ಬನ ಗೋಳು. ಊರಿನ ದೀಪಗಳಿಗೆಲ್ಲ ಎಣ್ಣೆ ಒದಗಿಸುವ ಗುತ್ತಿಗೆಯನ್ನು ನಗರಸಭೆಯಿಂದ ಕೇಳಿ ಪಡೆದು, ಅದಕ್ಕೆ ಗಾಡಿ ಹೊಡೆಯುವವರನ್ನೂ ದಾರಿ ಕಾಯುವವರನ್ನೂ ಕೂಲಿಗೆ ಹಿಡಿದನೆನ್ನಿ. ಒಂದು ರಾತ್ರಿ ಆ ಎಣ್ಣೆಯಲ್ಲಿ ಯಾರೋ ಏನೋ ಬೆರೆಸಿದ್ದಾರೆಂಬ ಸುದ್ದಿಯನ್ನು ಯಾವ ಡಂಜನ್ ಮಾಸ್ಟರ್ ತಾನೇ ಹಬ್ಬಿಸದೆ ಇರುತ್ತಾನೆ?

ಕೊನೆಗೆ ಕೆಲವು ಒಣ ಸಂಗತಿಗಳು

ನಿಜವಾದ ಹೆಸರು, ಮನೆ ವಿಳಾಸ, ಫೋಟೋ, ಓಟಿಪಿ ಯಾರಿಗೂ ಕೊಡಬೇಡಿ. ಪಾತ್ರಗಳು ಎಷ್ಟೇ ಆಪ್ತರಾದರೂ ಅದರ ಹಿಂದಿರುವವರನ್ನು ನೀವು ನೋಡಿಲ್ಲ. ಸರ್ವರ್ ಖರ್ಚಿಗೆ ದೇಣಿಗೆ ಕೇಳುವುದುಂಟು, ಕೊಡುವುದು ಕಡ್ಡಾಯವಲ್ಲ. ಮಕ್ಕಳು ಆಡುತ್ತೇವೆಂದರೆ ಮನೆಯ ದೊಡ್ಡವರು ಮೊದಲು ನಿಯಮಗಳ ಪುಟ ಓದಿ ವಯಸ್ಸಿನ ಮಿತಿ ನೋಡಲಿ, ಹಲವು ಸರ್ವರ್‌ಗಳು ವಯಸ್ಕರಿಗೆ ಮಾತ್ರ.

ನಿಮ್ಮ ಪಾತ್ರ ಉಳಿಯುವುದು ಸರ್ವರ್‌ನ ಯಂತ್ರದಲ್ಲಿ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಲ್ಲ. ನಡೆಸುವವರು ಬಾಗಿಲು ಹಾಕಿದರೆ ಪಾತ್ರವೂ ಹೋಯಿತು. ಉಳಿಸಿಕೊಳ್ಳಬಹುದಾದದ್ದು ಮಾತುಗಳನ್ನು ಮಾತ್ರ. ಮಾತುಕತೆಯನ್ನೆಲ್ಲ ಲಾಗ್ ಕಡತಕ್ಕೆ ಬರೆದಿಡುವ ವ್ಯವಸ್ಥೆ ಆಟದಲ್ಲಿದೆ, ಅದನ್ನು ಮೊದಲ ದಿನವೇ ಆನ್ ಮಾಡಿ. ಆಟವನ್ನು ಮತ್ತೆ ತೆರೆದಾಗ ಹಳೆಯ ಕಡತದ ಮೇಲೆಯೇ ಹೊಸದನ್ನು ಬರೆಯುವ ಸಾಧ್ಯತೆ ಇರುವುದರಿಂದ, ಆಡಿ ಎದ್ದ ಕೂಡಲೇ ಅದನ್ನು ಬೇರೆ ಫೋಲ್ಡರಿಗೆ ನಕಲು ಮಾಡಿ, ಹೆಸರಿನಲ್ಲಿ ದಿನಾಂಕ ಹಾಕಿಡಿ.